ಟೇಪಿನ ಆ ತುದಿ

ಮಂಜೂರು, ಭರ್ತಿ, ಖಾಲಿ.
ಪ್ರತಿ ತಿಂಗಳು ಐದಕ್ಕೆ ಮೇಲಿನವರಿಗೆ ಕಳಿಸುವ ತಖ್ತೆಯಲ್ಲಿ
ಮೂರೇ ಕಾಲಂ.
ಹದಿನಾಲ್ಕು, ಮೂರು, ಹನ್ನೊಂದು
ಎಂದು ತುಂಬುತ್ತೇನೆ.
ಮೂವರಲ್ಲಿ ಒಬ್ಬ ಚುನಾವಣೆ ಕೆಲಸಕ್ಕೆ ಹೋದವನು
ಫಲಿತಾಂಶ ಬಂದರೂ ಬಂದಿಲ್ಲ.
ಗುಂಡೇರಾಯರು ನಿವೃತ್ತರಾಗಿ ನಾಲ್ಕು ತಿಂಗಳು,
ಅವರ ಹೆಸರು ಹೊಡೆದು ಹಾಕಬೇಕಾದ ಗುಮಾಸ್ತನ ಹುದ್ದೆಯೂ
ಆ ಹನ್ನೊಂದರಲ್ಲಿದೆ.
ಉಳಿದವಳು ನಾನು,
ಹತ್ತೊಂಬತ್ತು ವಾರ್ಡುಗಳ ಪ್ರಭಾರಿ,
ಮತ್ತೆ ಯಾವ ಕಾಲಮ್ಮಿಗೂ ಸೇರದ ಮಾಪಣ್ಣ,
ದಿನಗೂಲಿ,
ಟೇಪಿನ ಆ ತುದಿ ಹಿಡಿಯುವವನು.

ರಿಂಗ್ ರೋಡ್ ದಾಟಿದರೆ
ತೊಗರಿ ಕೊಯ್ದ ಕೂಳೆ ಇನ್ನೂ ಚಪ್ಪಲಿಗೆ ಚುಚ್ಚುತ್ತದೆ,
ಆಗಲೇ ಗಡಿಕಲ್ಲಿಗೆ ಹಳದಿ ಬಳಿದಿದ್ದಾರೆ.
ಮೂವತ್ತು ನಲವತ್ತು, ಮೂವತ್ತು ನಲವತ್ತು
ಅಂತ ಹೊಲ ಮಗ್ಗಿ ಒಪ್ಪಿಸುತ್ತಿದೆ.
ಪಾಯ ನೋಡಿ ಬಂದ ಜಾಗಕ್ಕೆ
ಇನ್ನೊಮ್ಮೆ ಸರದಿ ಬರುವಷ್ಟರಲ್ಲಿ
ಮೂರನೇ ಮಾಳಿಗೆಯಲ್ಲಿ ನೀರಿನ ಟ್ಯಾಂಕು,
ದೃಷ್ಟಿಗೆ ಕಟ್ಟಿದ ಬೂದಗುಂಬಳ,
ಬಾಗಿಲಲ್ಲಿ ಬಾಡಿಗೆದಾರರ ಚಪ್ಪಲಿ.
ಬಾಲ್ಕನಿ ಓಣಿಯ ಮೇಲೆ ಮೂರಡಿ ಬಾಗಿ
ಎದುರು ಮನೆಗೆ ಚಹಾ ದಾಟಿಸುತ್ತದೆ.
“ಅಳೀರಿ ಮೇಡಂ, ಅಳೀರಿ.
ಅಳದ್ರ ಏನ್ ಸಣ್ಣದಾಗ್ತದೇನ್ರಿ?”

ಬೈಕು ಹತ್ತುತ್ತ ಮಾಪಣ್ಣ ಅನ್ನುತ್ತಾನೆ:
“ಅಕ್ಕೋರೆ, ನಾವು ತಪಾಸಣಿ ಮಾಡಾವ್ರಲ್ಲ,
ಮುಗದ ಮದುವಿಗಿ ಅಕ್ಷತಿ ಒಯ್ಯಾವ್ರು.”

ನಕ್ಷೆ ಮಂಜೂರಾತಿಯ ಹಿಂದೆ ಸಣ್ಣಕ್ಷರದಲ್ಲಿ ಒಂದು ಸಾಲಿದೆ:
ಪಾಯದ ಗುಂಡಿ ತೋಡಿದ ನಂತರ,
ಕಾಂಕ್ರೀಟ್ ಹಾಕುವ ಮೊದಲು,
ತಪಾಸಣೆಗೆ ತಿಳಿಸತಕ್ಕದ್ದು.
ಅದನ್ನು ಓದಿದ್ದು, ನನಗೆ ಗೊತ್ತಿದ್ದಂತೆ, ಒಬ್ಬನೇ.
ಆಳಂದ ರಸ್ತೆಯ ವಜೀರ್ ಪಟೇಲ,
ಬಸ್ಸಿನ ಕಂಡಕ್ಟರನಾಗಿದ್ದವನು.
ತಿಳಿಸಿ ಎಪ್ಪತ್ಮೂರು ದಿನ.
ಗುಂಡಿಗಳ ಮೇಲೆ ತಗಡು,
ಮಕ್ಕಳು ಬೀಳದಂತೆ ಸುತ್ತ ಜಾಲಿಮುಳ್ಳು.
ಅಕ್ಕಪಕ್ಕ ಎರಡು ಮನೆ ಎದ್ದು
ಅವನ ಜಾಗದ ಮೇಲೆ ನೆರಳು ಹಾಸಿದ್ದವು.

ಹಾಕಿಬಿಡಬಹುದಿತ್ತಲ್ಲ, ಎಂದೆ.
ಕೇಳಬಾರದಿತ್ತು.
“ಮೂವತ್ತೊಂದು ವರ್ಷ ಟಿಕೇಟಿಲ್ದೆ
ಯಾರಿಗೂ ಹತ್ತಿಸಿಲ್ರಿ ಬಾಯಿ,
ಈಗ ನಾನೇ ಹೆಂಗ ಹತ್ತಲಿ?”

ಏಣಿ ಇಳಿದೆ.
ಎರೆಮಣ್ಣಿನ ಗೋಡೆ ಬಿಸಿಲಿಗೆ ಸೀಳಿ
ಬಿರುಕಿನಲ್ಲಿ ಮುಷ್ಟಿ ಹಿಡಿಯುತ್ತಿತ್ತು.
ಕೆಳಗೆ, ಕಾಲಿಗೆ, ಗಟ್ಟಿ ಮುರುಮು.
ನಕ್ಷೆಯಲ್ಲಿ ಐದಡಿ.
ಮೇಲಿಂದ ಮಾಪಣ್ಣ ಓದಿದ: ಏಳೂಕಾಲು.
“ಐದಕ್ಕ ಬರೇ ಕರಿಮಣ್ಣೇ ಇತ್ರಿ.
ಮಳಿಗಿ ಉಬ್ತದ, ಬ್ಯಾಸಗಿಗಿ ಬಾಯಿ ಬಿಡ್ತದ,
ಅದರ ಮಾತು ಕೇಳಬಾರ್ದು.”
ಪಾಠ ಪುಸ್ತಕದಲ್ಲಿ ಇದಕ್ಕೆ ಹನ್ನೆರಡು ಪುಟ.

ಶೆಡ್ಡಿನಲ್ಲಿ ಸೇಡಂ ಸಿಮೆಂಟು
ಚೀಲದೊಳಗೇ ಕಲ್ಲಾಗಿತ್ತು,
ಇಪ್ಪತ್ತೆರಡು ಚೀಲ.
ಅವುಗಳ ಮೇಲೇ ನಮ್ಮನ್ನು ಕೂರಿಸಿ
ಕೊಡದ ತಣ್ಣೀರು ಕೊಟ್ಟ.
ತೊಡೆಯ ಮೇಲೆ ಫೈಲಿಟ್ಟು ಸಹಿ ಮಾಡಿದೆ.
ತಿಳಿಸಿದ ದಿನಾಂಕ, ತಪಾಸಣೆಯ ದಿನಾಂಕ,
ಎರಡರ ನಡುವೆ ಏನನ್ನೂ ಬರೆಯಲು ಜಾಗವಿರಲಿಲ್ಲ.

ಕಚೇರಿಗೆ ಮರಳಿದಾಗ ಕರೆಂಟಿಲ್ಲ.
ನಮ್ಮ ಕೋಣೆಯ ಗೋಡೆಯಲ್ಲೂ ಒಂದು ಬಿರುಕು.
ಅದು ನಿಂತಿದೆಯೋ ನಡೆಯುತ್ತಿದೆಯೋ ತಿಳಿಯಲೆಂದು
ಹೋಗುವ ಮುಂಚೆ ಗುಂಡೇರಾಯರು
ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಅಂಟಿಸಿ
ಕೆಳಗೆ ತಾರೀಖು ಬರೆದಿದ್ದರು.
ಮೊಬೈಲ್ ಬೆಳಕು ಹಿಡಿದ ಮಾಪಣ್ಣ
“ಒಡದಾದ ನೋಡ್ರಿ” ಎಂದ.
ಯಾವತ್ತು ಒಡೆಯಿತೋ.
ನೋಡುವ ಕೆಲಸ ಯಾರದೂ ಅಲ್ಲ ಈಗ.
ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು,
ತಾನು ಕಲಿತ ಒಂದೇ ಬರಹ, ಅಂಕಿಗಳಲ್ಲಿ,
ರಾಯರ ತಾರೀಖಿನ ಕೆಳಗೆ
ಇವತ್ತಿನದನ್ನು ಬರೆದ.

ನಾಳೆ ಐದು.