ಕಿರುಪರಿಚಯ, ನೂರೈವತ್ತು ಪದ ಮೀರದಂತೆ

ಕ್ಯಾಟಲಾಗಿಗೆ ಬೇಕಂತೆ, ಶುಕ್ರವಾರದೊಳಗೆ.
ಹೆಸರು, ಊರು, ಮಾಧ್ಯಮ, ಪ್ರದರ್ಶನಗಳು.
ಪ್ರಥಮ ಪುರುಷದಲ್ಲಿ ಬರೆಯಿರಿ ಮೇಡಂ,
'ನಾನು' ಬೇಡ, ಅಂದಳು ಫೋನಿನ ಹುಡುಗಿ.

ಜಗದೇವಿ ಭೀಮಶಾ ಪೇಂಟರ್ ಶಹಾಬಾದಿನವರು.
ಪೇಂಟರ್ ಎಂಬುದು ಅವರ ಮನೆತನದ ಹೆಸರಲ್ಲ;
ಮಾಸ್ತರರು ಹಾಜರಿಯಲ್ಲಿ ಬರೆದದ್ದು, ಹಾಗೇ ಉಳಿಯಿತು.
ಪ್ರಥಮ ಪುರುಷ ಇಷ್ಟಕ್ಕೇ ದಣಿದ.
ಇನ್ನು ನಾನೇ ಬರೆಯುತ್ತೇನೆ.

ನಮ್ಮದು ನೆಲ ಫರಸಿ, ಗೋಡೆ ಫರಸಿ,
ಬಟ್ಟೆ ಒಗೆಯುವ ಕಲ್ಲೂ ಫರಸಿ.
ಓದು ಬರುವ ಮೊದಲೇ ನನಗೆ ಬರೆಯಲು ಬರುತ್ತಿತ್ತು:
ಅಪ್ಪ ಅಂಚು ಎಳೆದುಕೊಟ್ಟ ಅಕ್ಷರದೊಳಗೆ
ಬಣ್ಣ ತುಂಬುವುದು ನನ್ನ ಪಾಲಿನ ಕೆಲಸ.
'ಠ' ಅಂದರೆ ಬೀಜವಿದ್ದ ಬಾರಿಹಣ್ಣು,
'ಣ' ಅಂದರೆ ಮೊಣಕಾಲು ಮಡಚಿದ ಒಂಟೆ.

ಮೊಹಮ್ಮದಿ ಸೈಕಲ್ ಮಾರ್ಟಿನ ಬೋರ್ಡು, ಹನ್ನೆರಡು ಫೂಟು.
ಎಡದಿಂದ ಅಪ್ಪ ಕನ್ನಡ ಬರೆಯುತ್ತ ಬಂದ,
ಬಲದಿಂದ ಗೌಸ್ ಉಸ್ತಾದರು ಉರ್ದು ಬರೆಯುತ್ತ ಬಂದರು.
ಇಬ್ಬರೂ ಎದುರಾದಾಗ, ಏಣಿಗಳ ನಡುವಿನ ಹಲಗೆ ಮೇಲೆ
ಎರಡು ಗ್ಲಾಸು ಚಹಾ ಇಟ್ಟೆ.
ಅಷ್ಟು ಜಾಗ ಖಾಲಿ ಉಳಿಯಿತು.
"ನಡಕ ಏನೂ ಇಲ್ಲಲ್ಲಾ?" ಅಂದ ಮಾಲೀಕ ಕೆಳಗಿಂದ.
"ಅಲ್ಲಿ ಸೈಕಲ್ ಬರ್ತದ, ಸೇಠ್," ಅಂದರು ಉಸ್ತಾದರು.
ಸೈಕಲ್ ಬರಲಿಲ್ಲ. ಬಣ್ಣದ ದುಡ್ಡು ಮುಗಿದಿತ್ತು.

ಆಮೇಲೆ ಬಂದದ್ದು ಫ್ಲೆಕ್ಸು.
ಅಳಿಲಿನ ಕೂದಲಿನ ಆರನೇ ನಂಬರು ಕುಂಚದಿಂದ
ಅವ್ವ ಬೀಸುಕಲ್ಲಿನ ಸುತ್ತ ಜೋಳದ ಹಿಟ್ಟು ಗುಡಿಸಿದಳು.
ನನ್ನ ಮೊದಲ ಚಿತ್ರ ಅದು. ಮೊದಲ ಕತೆಯೂ ಅದೇ,
ಅದೇ ಹಾಳೆಯ ಹಿಂಬದಿಗೆ.

ಕಲಬುರಗಿಯಲ್ಲಿ ಡಿಪ್ಲೊಮಾ, ಎರಡನೇ ದರ್ಜೆ.
ಹನ್ನೊಂದು ವರ್ಷ ಅರೆಕಾಲಿಕ ಡ್ರಾಯಿಂಗ್ ಟೀಚರು:
ಮಾವಿನಕಾಯಿ, ಹೂಜಿ, ಹೂಜಿಯ ನೆರಳು.
ಬರಹ ಜಾಸ್ತಿಯಾಯಿತು, ಅಂದರು ಚಿತ್ರಕಾರರು.
ಸಾಹಿತಿಗಳು ವೇದಿಕೆಗೇ ಕರೆದರು,
ಹಿಂದಿನ ಪರದೆ ಬರೆಯಲಿಕ್ಕೆ.
ನನ್ನ ಪುಸ್ತಕ ಗ್ರಂಥಾಲಯದ ಹೊಲಿಗೆ-ಕಸೂತಿ ಕಪಾಟಿನಲ್ಲಿದೆ.
ಯಾರೋ ಒಬ್ಬಾಕೆ ಅದರ ನಲವತ್ತನೇ ಪುಟದಿಂದ
ಕುಬಸದ ತೋಳಿಗೆ ನಕ್ಷೆ ತೆಗೆದುಕೊಂಡಿದ್ದಾಳೆ,
ಕಾರ್ಬನ್ನಿನ ನೀಲಿ ಇನ್ನೂ ಹಾಗೇ.
ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಬಂದಿಲ್ಲ.

ಪ್ರದರ್ಶನಗಳಲ್ಲಿ ಒಂದನ್ನೇ ಹೇಳುತ್ತೇನೆ.
ಮೇ ತಿಂಗಳು, ಕಲ್ಲಿನ ಖಣಿ, ಮಧ್ಯಾಹ್ನ ಎರಡು ಗಂಟೆ.
ಒಂದು ತಂಬಿಗೆ ನೀರು, ಅದೇ ಆರನೇ ನಂಬರು.
ಕಾದ ಫರಸಿ ಮೇಲೆ ಸೋನಾಬಾಯಿ ಎಂದು ಬರೆದೆ.
'ಯಿ' ಮುಗಿಸುವಷ್ಟರಲ್ಲಿ 'ಸೋ' ಆರಿತ್ತು.
ಪ್ರೇಕ್ಷಕರು: ಆಕೆ, ಮೊಮ್ಮಗ, ಒಂದು ಟ್ರ್ಯಾಕ್ಟರು.
"ಏನ್ ಬರದಿ?"
"ನಿಂದೇ ಹೆಸರು."
"ಎಲ್ಲದ?"
"ಹೋತು."
ತನ್ನ ಕೊಡ ನನ್ನತ್ತ ಸರಿಸಿದಳು.
"ಮತ್ತ ಬರಿ. ಈ ಸಲ ಲಗೂನೆ ನೋಡ್ತೀನಿ."
ಅದು ಕುಡಿಯುವ ನೀರು. ಗೊತ್ತಿತ್ತು ನನಗೆ.
ಗೊತ್ತಿದ್ದೂ ಅದ್ದಿದೆ, ತಳ ಕಾಣುವ ತನಕ.
ಫೋಟೋ ತೆಗೆಯಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಇನ್ನು ಮಾಧ್ಯಮ.
ಚಿತ್ರವೋ ಬರಹವೋ, ಒಂದು ಹಾಕಲೇಬೇಕು ಮೇಡಂ,
ಕಾಲಂ ಖಾಲಿ ಬಿಟ್ಟರೆ ಫಾರಂ ಮುಂದೆ ಹೋಗುವುದಿಲ್ಲ.

ಹೋದ ವಾರ ಶಹಾಬಾದಿಗೆ ಹೋಗಿದ್ದೆ.
ಸೈಕಲ್ ಮಾರ್ಟ್ ಈಗ ಮೊಬೈಲ್ ಅಂಗಡಿ.
ಹಳೇ ಬೋರ್ಡು ಕಲ್ಲಂಗಡಿ ಮಾರುವವನ ಬೆನ್ನಿಗೆ
ನೆರಳಾಗಿ ನಿಂತಿದೆ. ಅಪ್ಪನ ನೀಲಿ ಮಾಸಿದೆ,
ಉಸ್ತಾದರ ನುಕ್ತಾಗಳು ಗಟ್ಟಿಯಿವೆ.
ನಡುವಿನ ಖಾಲಿ ಜಾಗದಲ್ಲಿ ಯಾವುದೋ ಮಗು
ಇದ್ದಿಲಿನಿಂದ ಸೈಕಲ್ ಬರೆಯಲು ಹೋಗಿ
ಒಂದು ಗಾಲಿ ಬರೆದು ಎದ್ದು ಹೋಗಿದೆ.
ಇನ್ನೊಂದು ಬರೆಯಲೋ ಬೇಡವೋ ಎಂದು
ಹಣ್ಣು ಕೊಳ್ಳುವವಳ ಹಾಗೆ ನಿಂತೇ ಇದ್ದೆ.

ಪದ ಜಾಸ್ತಿಯಾಗಿದ್ದರೆ ಕೆಳಗಿನಿಂದ ಕತ್ತರಿಸಬೇಡ ತಂಗಿ.
ಡಿಪ್ಲೊಮಾ ತೆಗೆದುಬಿಡು.