ಹದಿನಾಲ್ಕು ನವಣೆ

ಝುಗ್ದಿದಿಯ ಆಸ್ಪತ್ರೆ. ಮಾರ್ಚ್ ಕೊನೆಯ ಮಂಗಳವಾರ.
ಹೀಟರು ಕೆಟ್ಟು, ಉಣ್ಣೆ ಕೋಟಿನ ಮೇಲೇ
ಬಿಳಿ ಕೋಟು ತೊಟ್ಟು ಕೂತಿದ್ದೆ.
ಬಂದವಳು ನಜಿಬ್ರೋಲಾ, ಅರವತ್ತೆಂಟರವಳು.
ಮಾರುಕಟ್ಟೆಯ ಹಿಂದೆ ಅವಳ ರೊಟ್ಟಿಯೊಲೆ,
ಬಾವಿಯಂಥ ಮಣ್ಣಿನೊಲೆ; ಸೊಂಟದವರೆಗೆ ಅದರೊಳಕ್ಕೆ ಬಾಗಿ
ದೋಣಿಯಾಕಾರದ ಕಣಕ ಬಿಸಿಗೋಡೆಗೆ ಬಡಿಯುತ್ತ
ನಲವತ್ತು ವರ್ಷ ಕಳೆದವಳು.

ತಲೆವಸ್ತ್ರ ಸರಿಸಿದಳು.
ಕಣ್ಣ ಕೆಳಗೆ, ಕೆನ್ನೆಯ ಏರಿನಲ್ಲಿ
ಬಿಳಿ ಬಿಳಿ ಕಾಳು. ಎಣಿಸಿದೆ, ಹದಿನಾಲ್ಕು.
ಒಂದರ ಪಕ್ಕ ಕೆಂಪಗೆ ಕೆದಕಿದ ಗಾಯ.

"ಸೂಜಿಯಾ?"
"ದಬ್ಬಳ. ಗೋಣಿ ಹೊಲಿಯೋದು.
ಮೇಣದಬತ್ತಿಗೆ ಹಿಡಿದೇ ಚುಚ್ಚಿದ್ದು," ಎಂದಳು,
ತಪ್ಪು ಒಪ್ಪುವ ದನಿಯಲ್ಲೇನೂ ಅಲ್ಲ.
ಅದಕ್ಕೂ ಮೊದಲು ನಿಂಬೆಹುಳಿ. ಅದಕ್ಕೂ ಮೊದಲು ಉಪ್ಪು.
ಎಲ್ಲಕ್ಕೂ ಮೊದಲು ಸೊಸೆ ಕೊಟ್ಟ ಜಿಡ್ಡಿನ ಕ್ರೀಮು.
ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವುದು
ನಮ್ಮೂರಿನ ಹಳೇ ಚಾಳಿ.
ಇದೋ, ಉಗುರಲ್ಲೂ ಹೋಗುವಂಥದ್ದಲ್ಲ.

ಹೇಳಿದೆ: ಮೊಡವೆಯಲ್ಲ ಇದು. ಕೀವಿಲ್ಲ, ಹುಳವಿಲ್ಲ.
ಹಳೆಯ ಚರ್ಮ ದಿನವೂ ಉದುರಬೇಕು,
ಒಲೆಯ ಗೋಡೆಯಿಂದ ಸೀದ ಹಿಟ್ಟಿನ ಹಕ್ಕಳೆಯಂತೆ.
ಎಲ್ಲೋ ಒಂದು ಚೂರು ಹೊರಬೀಳಲು ಬಾಗಿಲು ಸಿಗದೆ
ಹೊಸ ಚರ್ಮದ ಅಡಿ ಸಿಕ್ಕಿಬಿದ್ದು
ಗುಂಡಗೆ, ಗಟ್ಟಿಯಾಗಿ ಕೂತುಬಿಡುತ್ತದೆ.
ಹಿಂಡಿದರೆ ಬಾರದು; ಅದಕ್ಕೆ ಬಾಯೇ ಇಲ್ಲ.
ಒಲೆಯ ಸುಟ್ಟಗಾಯದಿಂದ ಬಂದಿರಬಹುದು. ಬಿಸಿಲಿಂದ, ಜಿಡ್ಡಿಂದ.
ಯಾತರಿಂದಲೂ ಅಲ್ಲದೆ ಬಂದಿರಲೂಬಹುದು.

"ಏನಂತಾರೆ ಇದಕ್ಕೆ?"
ಮಿಲಿಯಾ. ಲ್ಯಾಟಿನ್ನಿನಲ್ಲಿ ಸಿರಿಧಾನ್ಯದ ಹೆಸರು.
ನವಣೆ, ಸಾಮೆ, ಆ ಬಳಗದ್ದು.
ಆಗ ನಕ್ಕಳು ಮುದುಕಿ. ಮೇಲಿನ ಸಾಲಿನಲ್ಲಿ ಎರಡು ಚಿನ್ನದ ಹಲ್ಲು.
ಮೆಕ್ಕೆಜೋಳ ಬರುವ ಮುಂಚೆ ಈ ಸೀಮೆ ಉಂಡದ್ದು
ನವಣೆಯ ಅಂಬಲಿ, ಗೋಮಿ ಎಂದು ಕರೆದು.
ಈಗ ಜೋಳದ ಹಿಟ್ಟು ತೊಳಸುತ್ತೇವೆ,
ಹೆಸರು ಮಾತ್ರ ಅದೇ.
"ನಮ್ಮಜ್ಜಿ ಗಡಿಗೆಯಲ್ಲಿ ಒಂದು ಹಿಡಿ ಕಟ್ಟಿಟ್ಟಿದ್ದಳು, ಬಿತ್ತನೆಗೆ ಅಂತ.
ಯಾರೂ ಬಿತ್ತಲಿಲ್ಲ.
ನೋಡು, ಎಲ್ಲಿ ಬಂದು ಮೊಳೆತಿದೆ."

ಸ್ಪಿರಿಟ್ಟು ಒರೆಸಿದೆ. ಹೊಸ ಸೂಜಿ ಬಿಡಿಸಿದೆ.
ಚುಚ್ಚುವುದಲ್ಲ, ಮೇಲಿನ ಪೊರೆಯನ್ನಷ್ಟೇ ಎಬ್ಬಿಸುವುದು,
ನಿದ್ದೆಗೆಡದಂತೆ ಹೊದಿಕೆ ಸರಿಸಿದ ಹಾಗೆ.
ಆಮೇಲೆ ಒಂದಿಷ್ಟು ಒತ್ತು. ಟಪ್ಪನೆ ಕಾಳು.
ಬಿಳಿ ಬಟ್ಟೆಯ ಮೇಲೆ ಇಟ್ಟು ತೋರಿಸಿದೆ.
"ಇಷ್ಟೇನಾ?" ಎಂದಳು.
ಎರಡು. ಮೂರು. ನಾಲ್ಕರ ಹೊತ್ತಿಗೆ ಮಾತು ನಿಲ್ಲಿಸಿದ್ದಳು.
ಆರನೆಯದಕ್ಕೆ ಅವಳ ಕೈ ನನ್ನ ಮಣಿಕಟ್ಟು ಹಿಡಿಯಿತು.

"ಅಂಟುತ್ತದೆಯಾ?"
ಇಲ್ಲ.
"ಮುತ್ತಿಟ್ಟರೆ?"
ಯಾರಿಗೆ, ಎಂದೆ.

ಮಗಳ ಮಗ. ಬೋಂದೋ. ಹತ್ತೊಂಬತ್ತು ದಿನದ ಕೂಸು.
ಹುಟ್ಟಿದ ಸಂಜೆ ಮೂಗಿಗೆ ಒಂದು ಮುತ್ತು ಕೊಟ್ಟಿದ್ದಳಂತೆ.
ಬೆಳಗಾಗುವಷ್ಟರಲ್ಲಿ ಮೂಗಿನ ತುಂಬ ಬಿಳಿ ಚುಕ್ಕಿ.
ಅಂದಿನಿಂದ ಹೊಸಿಲು ದಾಟಿಲ್ಲ.
ರೊಟ್ಟಿಯ ಚೀಲ ಬಾಗಿಲಿಗೆ ತೂಗುಹಾಕಿ,
ಒಳಗಿನ ಅಳು ಕೇಳಿಸಿಕೊಂಡು, ತಿರುಗಿ ಬರುತ್ತಾಳೆ.
ಮಗಳಿಗೆ ಹೇಳಿದ್ದು: ನೆಗಡಿ.

ಸೂಜಿ ಕೆಳಗಿಟ್ಟೆ.
ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧ ಹೀಗೆಯೇ, ಅಜ್ಜೀ.
ಎಣ್ಣೆ ಬೇಡ, ಉಜ್ಜುವುದು ಬೇಡ,
ದಬ್ಬಳವಂತೂ ದೇವರಾಣೆ ಬೇಡ.
ಕೆಲವು ವಾರಕ್ಕೆ ತಾವೇ ಉದುರುತ್ತವೆ.
ನಿನ್ನದು ಅವನಿಗೆ ಹೋಗಿಲ್ಲ. ಯಾರದೂ ಯಾರಿಗೂ ಹೋಗುವುದಿಲ್ಲ.

ಬಹಳ ಹೊತ್ತು ಬಟ್ಟೆಯ ಮೇಲಿನ ಆರು ಕಾಳನ್ನೇ ನೋಡಿದಳು.
ಎದ್ದಳು.
"ಇನ್ನೂ ಎಂಟಿವೆ. ಕೂತುಕೋ.
ರೆಪ್ಪೆಯ ಅಂಚಿನ ಎರಡನ್ನು ನಾನು ಮುಟ್ಟುವುದಿಲ್ಲ,
ಅದಕ್ಕೆ ಕಣ್ಣಿನ ಡಾಕ್ಟರು ಬೇಕು, ಉಳಿದ ಆರು..."
ಕೇಳಿಸಿಕೊಳ್ಳಲು ಅವಳು ಅಲ್ಲಿರಲಿಲ್ಲ.
ತಲೆವಸ್ತ್ರ ಕುರ್ಚಿಯ ಮೇಲೇ ಬಿದ್ದಿತ್ತು.
ಕಿಟಕಿಯಲ್ಲಿ ಕಂಡಳು: ಅರ್ಧ ಕೆನ್ನೆಗೆ ಹತ್ತಿಯ ಚೂರು ಅಂಟಿಸಿಕೊಂಡು,
ಒಲೆಯ ದಿಕ್ಕು ಬಿಟ್ಟು ಮಗಳ ಮನೆಯ ದಿಕ್ಕಿಗೆ,
ಕೆಸರು ತುಳಿಯುತ್ತ, ಓಡುತ್ತಿದ್ದಾಳೇನೋ ಎಂಬಷ್ಟು ಬಿರುಸು.

ಮುಂದಿನ ಮಂಗಳವಾರ ಹನ್ನೊಂದು ಗಂಟೆಗೆ
ಅವಳ ಹೆಸರು ಬರೆದಿಟ್ಟಿದ್ದೆ.
ರೊಟ್ಟಿ ಬಂತು, ಯಾರೋ ಹುಡುಗನ ಕೈಯಲ್ಲಿ,
ಕಾಗದ ಸುಡುವಷ್ಟು ಬಿಸಿ.
ಅವಳು ಬರಲಿಲ್ಲ.