ಅಳತೆ ಪುಸ್ತಕ

ಅರಸೀಕೆರೆಯ ಪೇಟೆಬೀದಿಯಲ್ಲಿ ಮೂವತ್ತನಾಲ್ಕು ವರ್ಷ
ಊರಿನ ಸೊಂಟಕ್ಕೆ ಟೇಪು ಸುತ್ತಿದವನು ನಾನು.
ಹಿಂದಿನ ಹೊಲಿಗೆಯ ಒಳಗೆ ಎರಡಿಂಚು ಬಟ್ಟೆ
ಗುಟ್ಟಾಗಿ ಮಡಿಚಿ ಬಿಡುವುದು ಅಪ್ಪ ಕಲಿಸಿದ ಮರ್ಯಾದೆ:
ಮನುಷ್ಯ ಅಂದಮೇಲೆ ಹಿಗ್ಗುತ್ತಾನಪ್ಪ,
ಬಿಚ್ಚಿಕೊಡುವಾಗ ನಗಬೇಡ.

ನೋಡಿ, ಇದು ತೊಂಬತ್ತೆರಡರ ಪುಸ್ತಕ. ಎಣ್ಣೆ ಕುಡಿದ ರಟ್ಟು.
ಗ್ಯಾಂಗ್‌ಮನ್ ಕರಿಸಿದ್ದಯ್ಯ, ಸೊಂಟ ಇಪ್ಪತ್ತೊಂಬತ್ತು.
ದಿನಾ ಹಳಿಗುಂಟ ಬಾಣಾವರದ ದಿಕ್ಕಿಗೆ ನಡೆದು
ಸುತ್ತಿಗೆಯಲ್ಲಿ ಕೀಲಿ ಬಡಿಯುತ್ತಿದ್ದ ಕಾಲ.
ಮುಂದೆ ಗೇಟಿನ ಕೆಲಸ, ಒಂದು ಸ್ಟೂಲು, ಒಂದು ಹಸಿರು ಬಾವುಟ.
ಮೂವತ್ತಾರು ಅಂತ ಬರೆದಾಗ ಬಗ್ಗಿ ನೋಡಿ
"ಟೇಪು ಕುಗ್ಗಿದೆ ಕಣ್ರೀ ರಾಯರೇ" ಅಂದ.

ಕೊಬ್ಬರಿ ಮಂಡಿಯ ಉಜ್ಜನಪ್ಪ, ಮೂವತ್ತೆಂಟು, ನಲವತ್ತು, ನಲವತ್ತೆರಡು.
ಗಿರಾಕಿ ಬಂದರೆ ಟೀ, ಹೋದರೆ ಟೀ,
ರೇಟು ಎದ್ದರೆ ಟೀ, ಬಿದ್ದರೆ ಎರಡು.
ಆಮೇಲೆ ಒಂದು ಯುಗಾದಿಗೆ ಮೂವತ್ತೈದು.
"ಸಣ್ಣಗಾಗಿದ್ದೀನಿ ನೋಡು!" ಎದೆಯುಬ್ಬಿಸಿದ.
ನಾನು ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಸುಮ್ಮನಾದೆ.
ಅಪ್ಪನೂ ಕೊನೆಯ ವರ್ಷ ಹೀಗೇ ಸಡಿಲವಾದದ್ದು,
ರಾತ್ರಿ ಐದು ಸಲ ಎದ್ದು ಚೊಂಬು ಖಾಲಿ ಮಾಡುತ್ತಾ.
ಡಾಕ್ಟರು ಹೇಳುವ ಮೊದಲೇ ಪ್ಯಾಂಟು ಹೇಳಿರುತ್ತದೆ.
ದರ್ಜಿಯನ್ನು ಯಾರು ಕೇಳುತ್ತಾರೆ.

ಮೊನ್ನೆ ಆಶಾ ಕಾರ್ಯಕರ್ತೆ ಇಂದ್ರಾಣಿ ಬಂದಳು,
ಕೊರಳಿಗೆ ಅವಳದೂ ಒಂದು ಟೇಪು.
ವಯಸ್ಸು? ಐವತ್ತೇಳು. ಬೀಡಿ? ಬಿಟ್ಟೆ.
ತಂದೆತಾಯಿಗೆ ಶುಗರ್ ಇತ್ತೆ? ಬರಕೊಳ್ಳಮ್ಮ, ಇತ್ತು.
ದಿನಕ್ಕೆ ಎಷ್ಟು ಹೊತ್ತು ಮೈಬಗ್ಗಿಸಿ ದುಡಿತ?
ಅಲ್ಲಿ ತಡವರಿಸಿದೆ.
ಬೆಳಗಿಂದ ಬೈಗಿನ ತನಕ ಬಗ್ಗಿಯೇ ಇರುತ್ತೇನೆ,
ಆದರೆ ಕಾಲು...
ಎಂಟು ವರ್ಷದ ಹಿಂದೆ ಮಿಷನ್ನಿಗೆ ಮೋಟಾರು ಕೂರಿಸಿದ ದಿನ
ಪೆಡಲಿನಿಂದ ಇಳಿದ ಪಾದ
ಎಲ್ಲಿಗೆ ಹೋಯಿತೋ ನಾನು ವಿಚಾರಿಸಲಿಲ್ಲ.

ಬೆರಳು ಕೊಡಿ, ಸ್ವಲ್ಪ ಚುಚ್ಚುತ್ತೆ, ಅಂದಳು.
ಸೂಜಿಗೆ ನಾನು ಹೊಸಬನೇ? ನಗಬೇಕೆಂದುಕೊಂಡೆ.
ಹಿಂದಿನ ಸಂಜೆ ತುಳಜಾಬಾಯಿ
ಅಂಗಡಿಯ ನೆಲದ ಮೇಲೆ ಕೆಂಪು ಚುಕ್ಕೆಗಳನ್ನು ಕಂಡಿದ್ದಳು,
ಸೀಮೆಸುಣ್ಣದ ಗುರುತಿನ ಹಾಗೆ ಒಂದರ ಹಿಂದೊಂದು.
ಯಾರದಿದು ಯಾರದಿದು ಅಂತ ಹುಡುಕುತ್ತಾ ಬಂದು
ನನ್ನ ಹಿಮ್ಮಡಿಯಿಂದ ಗುಂಡುಸೂಜಿ ಕಿತ್ತಳು.
ಎಷ್ಟು ಹೊತ್ತು ಅದರ ಮೇಲೆ ನಡೆದಿದ್ದೆನೋ.
ಬೆರಳಿಗೆ ಗೊತ್ತಾಯಿತು. ಕಾಲಿಗೆ ಗೊತ್ತಿರಲಿಲ್ಲ.

ಪುಟ್ಟ ಪರದೆಯಲ್ಲಿ ಅಂಕಿ ಮೂಡಿತು. ಇಂದ್ರಾಣಿ ಎರಡು ಸಲ ನೋಡಿದಳು.
ನಾಳೆ ಬರಿ ಹೊಟ್ಟೆಯಲ್ಲಿ ಆಸ್ಪತ್ರೆಗೆ ಬನ್ನಿ ಅಂದಳು.

ಅವಳು ಹೋದಮೇಲೆ ನನಗೆ ನಾನೇ ಟೇಪು ಸುತ್ತಿಕೊಂಡೆ.
ಒಬ್ಬನೇ ಅಳೆದುಕೊಳ್ಳುವುದು ಕಷ್ಟ, ಉಸಿರು ಸುಳ್ಳು ಹೇಳುತ್ತದೆ.
ಬಿಟ್ಟೆ ಉಸಿರು. ಬರೆದೆ.
ಇಷ್ಟು ಪುಸ್ತಕಗಳಲ್ಲಿ ನನ್ನ ಹೆಸರು ಇದೇ ಮೊದಲು.
ಅಪ್ಪ ಮಡಿಚಿಟ್ಟ ಎರಡಿಂಚು
ಯಾವಾಗಲೋ ಬಿಚ್ಚಿ ಮುಗಿದಿದೆ.

ಮಿಷನ್ನಿನ ಹಳೇ ಚರ್ಮದ ಪಟ್ಟಿ
ಅಟ್ಟದ ಮೇಲೆಲ್ಲೋ ಇರಬೇಕು,
ಇಲಿ ಬಿಟ್ಟಿದ್ದರೆ.